ಲಾಕ್ ಹಾಕಿದ ಸ್ಕೂಟರ್

"ಈ ಸ್ಕೂಟರ್ ನಿಮ್ಮದಾ?"

ತರಗತಿ ಮುಗಿಸಿ ಕಾಲೇಜಿನ ಪಾರ್ಕಿಂಗ್‌ಗೆ ಬಂದವಳು ತಲೆಯೆತ್ತಿದಳು. ಎದುರಿಗೆ ಎತ್ತರದ ಒಬ್ಬ ಹುಡುಗ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವನ ಬೈಕು ಗೋಡೆಗೂ ಅವಳ ಸ್ಕೂಟರಿಗೂ ನಡುವೆ ಸಿಕ್ಕಿಕೊಂಡಿತ್ತು.

"ಹೌದು. ಯಾಕೆ?"

"ಹ್ಯಾಂಡಲ್ ಲಾಕ್ ಹಾಕಿದ್ದೀರಿ. ಆಗಿನಿಂದ ನಿಂತಿದ್ದೀನಿ. ನಮ್ಮಮ್ಮ ಬಸ್ ನಿಲ್ದಾಣದಲ್ಲಿ ಚೀಲ ಇಟ್ಕೊಂಡು ಕಾಯ್ತಿದ್ದಾರೆ."

"ಗಾಡಿಗೆ ಲಾಕ್ ಹಾಕದೆ ಇನ್ನೇನು ಹಾರ ಹಾಕ್ತಾರಾ?"

ಅಂದ ಮೇಲೆ ಅನ್ನಬಾರದಿತ್ತು ಎನಿಸಿತು. ಆದರೆ ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಇದು ನಮ್ಮಕ್ಕನ ಸ್ಕೂಟರ್. ಅವಳು ನರ್ಸು. ನಾನು ಇದನ್ನ ಮನೆಗೆ ಮುಟ್ಟಿಸಿದ್ರೇನೇ ಅವಳು ಸಂಜೆ ಡ್ಯೂಟಿಗೆ ಹೋಗೋದು. ಕಳೆದುಹೋದ್ರೆ ನೀವು ಕೊಡಿಸ್ತೀರಾ?"

ಅವಳು ಲಾಕ್ ತೆಗೆದಳು. ಅವನು ಬೈಕು ಎಳೆದುಕೊಂಡು ಹೊರಟುಹೋದ.

ಆ ಕಾಲೇಜಿನವರು ಕಟ್ಟಡಕ್ಕೆ ಮಹಡಿಯ ಮೇಲೆ ಮಹಡಿ ಏರಿಸುತ್ತಾ ಹೋಗಿದ್ದರು. ಗಾಡಿ ನಿಲ್ಲಿಸುವ ಜಾಗ ಮಾತ್ರ ಇದ್ದಷ್ಟೇ ಉಳಿದಿತ್ತು. ಬಸ್ಸುಗಳು ಮನಸ್ಸು ಬಂದಾಗ ಬರುತ್ತಿದ್ದುದರಿಂದ ಎಲ್ಲರೂ ಗಾಡಿ ತರುವವರೇ. ಮೊದಲು ಬಂದವರದು ಒಳಗೋಡೆಯ ಪಕ್ಕ, ಆಮೇಲಿನವರದು ಅವರ ಹಿಂದೆ, ಹೀಗೆ ಗೇಟಿನವರೆಗೂ ಸಾಲು. ಒಳಗಿದ್ದವರು ಹೊರಬರಬೇಕಾದರೆ ಬೇರೆಯವರ ಗಾಡಿ ತಳ್ಳಿ ದಾರಿ ಮಾಡಿಕೊಳ್ಳಬೇಕು. ಅದಕ್ಕೇ ಯಾರೂ ಹ್ಯಾಂಡಲ್ ಲಾಕ್ ಹಾಕುವಂತಿಲ್ಲ. ಹುಡುಗರೇ ಮಾಡಿಕೊಂಡ ಈ ನಿಯಮ ಎಲ್ಲರಿಗೂ ಗೊತ್ತಿತ್ತು, ಹೊಸದಾಗಿ ಸೇರಿದ್ದ ಇವಳನ್ನು ಬಿಟ್ಟು.

ಗೊತ್ತಾದ ಮೇಲೆ ಇವಳೂ ಸುಮ್ಮನಾದಳು. ಬೆಳಿಗ್ಗೆ ಬೇಗ ಬಂದು ಗೋಡೆ ಪಕ್ಕ ನಿಲ್ಲಿಸಿ, ಲಾಕ್ ಹಾಕದೆ ಹೋದಳು. ಸಂಜೆ ಬಂದು ನೋಡಿದರೆ ಸ್ಕೂಟರ್ ಇಲ್ಲ! ಹುಡುಕಿ ಹುಡುಕಿ ಸಾಕಾದಾಗ ಅದು ಗೇಟಿನ ಹತ್ತಿರ ಚರಂಡಿಯ ಪಕ್ಕ ಸಿಕ್ಕಿತು.

ಮರುದಿನವೂ ಅಲ್ಲೇ. ಅದರ ಮರುದಿನವೂ.

ಒಂದು ಮಧ್ಯಾಹ್ನ ಲೈಬ್ರರಿಯ ಕಿಟಕಿಯಿಂದ ಕಣ್ಣಾರೆ ಕಂಡಳು. ಅದೇ ಹುಡುಗ, ಅವಳ ಸ್ಕೂಟರನ್ನು ತಳ್ಳಿಕೊಂಡು ಹೋಗುತ್ತಿದ್ದ.

'ಓಹೋ... ಸೇಡು ತೀರಿಸ್ಕೊಳ್ತಿದ್ದಾನೆ.'

ನೇರ ಕ್ಯಾಂಟೀನಿಗೆ ಹೋಗಿ ಕಾದಳು. ಅವನು ಗೆಳೆಯರ ಜೊತೆ ಕುಳಿತ ಮೇಲೆ ಎದುರು ನಿಂತಳು.

"ಇನ್ನೊಬ್ಬರ ಗಾಡಿಗೆ ಕೈ ಹಾಕೋಕೆ ನಾಚಿಕೆ ಆಗಲ್ವಾ? ನಮ್ಮಕ್ಕನ ಸ್ಕೂಟರ್ ಮುಟ್ಟಬೇಡಿ."

ಗೆಳೆಯರು ಅವನ ಮುಖ ನೋಡಿದರು. ಅವನ ಕಿವಿ ಕೆಂಪಾಯಿತು.

"ಸರಿ," ಎಂದನಷ್ಟೇ.

ಮರುದಿನ ಸ್ಕೂಟರ್ ಅವಳು ನಿಲ್ಲಿಸಿದಲ್ಲೇ ಇತ್ತು. ಗೆದ್ದೆ ಎಂದುಕೊಂಡು ಹತ್ತಿರ ಹೋದಳು. ಅದರ ಹಿಂದೆ ಮೂರು ಸಾಲು ಗಾಡಿಗಳು ಒತ್ತಿಕೊಂಡು ನಿಂತಿದ್ದವು. ಒಂದನ್ನು ತಳ್ಳಿದರೆ ಇನ್ನೊಂದು ಅಡ್ಡ. ಅಂಗೈ ಕೆಂಪಾಗುವವರೆಗೆ ತಳ್ಳಿ ಹೊರಬರುವಷ್ಟರಲ್ಲಿ ಅಕ್ಕ ಆಟೋ ಹಿಡಿದು ಆಸ್ಪತ್ರೆಗೆ ಹೋಗಿ, ತಡವಾದದ್ದಕ್ಕೆ ಬೈಸಿಕೊಂಡಿದ್ದಳು.

ಡ್ಯೂಟಿ ಮುಗಿಸಿ ಬಂದ ಅಕ್ಕ ಚಪ್ಪಲಿ ಬಿಡುತ್ತಾ ಕೇಳಿದಳು. "ಅಷ್ಟು ಗಾಡಿ ಅಡ್ಡ ಇರುತ್ತೆ ಅಂತೀಯಲ್ಲ ಪುಟ್ಟಿ, ಇಷ್ಟು ದಿನ ಹೇಗೆ ಹೊತ್ತಿಗೆ ಸರಿಯಾಗಿ ಬರ್ತಿದ್ದೆ?"

ಅವಳಿಗೆ ಆಗ ಹೊಳೆಯಿತು. ಗೇಟಿನ ಪಕ್ಕದ ಜಾಗ. ಏರಿದರೆ ಸೀದಾ ರಸ್ತೆ. ಮೂರು ಸಾಲು ಸರಿಸಿ ಅಲ್ಲಿಗೆ ತಂದು ನಿಲ್ಲಿಸುತ್ತಿದ್ದವನನ್ನು ಅಷ್ಟು ಜನರ ಮುಂದೆ ಬೈದಿದ್ದೆನಲ್ಲ... ಅವಳಿಗೆ ಅಳು ಬಂತು.

ಕ್ಷಮೆ ಕೇಳಬೇಕೆಂದು ಹೋದಾಗಲೆಲ್ಲ ಅವನು ದಾರಿ ಬದಲಿಸುತ್ತಿದ್ದ. ಸಿಗದವನನ್ನು ಹುಡುಕಿ ಹುಡುಕಿ, ಕಾರಿಡಾರಿನಲ್ಲಿ ಬೇರೆ ಯಾರ ಮುಖವೂ ಕಣ್ಣಿಗೆ ಬೀಳದಂತಾಯಿತು. ಅಷ್ಟರಲ್ಲಿ ಪರೀಕ್ಷೆ ಬಂತು. ಅವನದು ಕೊನೆಯ ವರ್ಷ. ಕೊನೆಯ ಪತ್ರಿಕೆ ಬರೆದವನೇ ಬೇರೆ ಊರಿಗೆ ಕೆಲಸಕ್ಕೆ ಹೊರಡುತ್ತಾನೆಂದು ಅವನ ಗೆಳೆಯನೊಬ್ಬ ಹೇಳಿದ. ಆ ದಿನ ತಪ್ಪಿದರೆ ಮತ್ತೆ ಸಿಗುವುದಿಲ್ಲ.

ಕೊನೆಯ ಪತ್ರಿಕೆಯ ದಿನ ಅಕ್ಕನಿಗೆ ರಜೆ ಇತ್ತು. ಇವಳು ತಡವಾಗಿಯೇ ಹೋದಳು. ಗೋಡೆ ಪಕ್ಕದ ಮೂಲೆಯಲ್ಲಿ ಅವನ ಬೈಕು ಕಂಡಿತು; ಪರೀಕ್ಷೆಯ ದಿನವಾದ್ದರಿಂದ ಅದರ ಹಿಂದೆ ಯಾರೂ ಗಾಡಿ ನಿಲ್ಲಿಸಿರಲಿಲ್ಲ. ಅದರ ಹಿಂದೆ ಅಡ್ಡಡ್ಡಲಾಗಿ ಸ್ಕೂಟರ್ ನಿಲ್ಲಿಸಿ, ಹ್ಯಾಂಡಲ್ ಲಾಕ್ ಹಾಕಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕಟ್ಟೆಯ ಮೇಲೆ ಕುಳಿತಳು.

ಗಂಟೆ ಹೊಡೆಯಿತು. ಗಾಡಿಗಳು ಒಂದೊಂದಾಗಿ ಹೊರಟುಹೋದವು. ಕೊನೆಗೆ ಅವನು ಬಂದ. ಸ್ಕೂಟರ್ ನೋಡಿದ, ಅವಳನ್ನು ನೋಡಿದ.

"ಲಾಕ್ ಹಾಕಿದ್ದೀರಿ."

"ಹೌದು."

"ನಿಯಮ ಗೊತ್ತಲ್ಲ?"

"ಗೊತ್ತು. ಅದಕ್ಕೇ ಹಾಕಿದ್ದು. ಕ್ಯಾಂಟೀನಲ್ಲಿ ಹಾಗೆ ಮಾತಾಡಬಾರದಿತ್ತು. ಆದ್ರೆ ನೀವಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ?"

ಅವನು ಬೈಕಿನ ಸೀಟಿನ ಧೂಳು ಒರೆಸಿದ. ಧೂಳೇನೂ ಇರಲಿಲ್ಲ.

"ಮೊದಲ ದಿನ ಕೋಪಕ್ಕೇ ತಳ್ಳಿದ್ದು. ಸುಳ್ಳು ಹೇಳಲ್ಲ. ಆ ಸಂಜೆ ನೀವು ಗಡಿಬಿಡಿಯಲ್ಲಿ ಮನೆಗೆ ಓಡಿದ್ದು ನೋಡಿದೆ. ಆಮೇಲೆ... ಗೇಟಿನ ಹತ್ರ ಜಾಗ ಕಂಡ್ರೆ ನಿಮ್ಮ ಸ್ಕೂಟರೇ ನೆನಪಾಗೋದು."

"ಸ್ಕೂಟರ್ ಮಾತ್ರಾನಾ?"

ಅವನು ತಲೆ ತಗ್ಗಿಸಿ ನಕ್ಕ. ಇಷ್ಟು ದಿನದಲ್ಲಿ ಅವಳು ಕಂಡ ಅವನ ಮೊದಲ ನಗು ಅದು.

"ನಿಮ್ಮಮ್ಮ ಇವತ್ತೂ ಕಾಯ್ತಿದ್ದಾರಾ?"

"ಇಲ್ಲ. ಇವತ್ತು ಯಾರೂ ಕಾಯ್ತಿಲ್ಲ."

"ನಾನು ಕಾಯ್ತಿದ್ದೆ," ಎಂದಳು. "ಇನ್ಮುಂದೆಯೂ ಕಾಯ್ತೀನಿ. ನೀವು ಯಾವ ಊರಿಗೆ ಹೋದ್ರೂ."

ಅವಳು ಎದ್ದು ಬೆವರಿದ ಅಂಗೈ ಬಿಚ್ಚಿ ಕೀಲಿ ಮುಂದೆ ಚಾಚಿದಳು.

"ತಗೊಳ್ಳಿ. ಲಾಕ್ ತೆಗೆದು ಹೋಗಿ."

ಅವನು ಕೀಲಿಯ ಸಮೇತ ಅವಳ ಬೆರಳುಗಳನ್ನು ಮಡಿಚಿ ಮುಚ್ಚಿದ. ಆಮೇಲೆ ಕಟ್ಟೆಯ ಮೇಲೆ, ಅವಳು ಕುಳಿತಿದ್ದ ಜಾಗದ ಪಕ್ಕದಲ್ಲೇ ಕುಳಿತ.

"ಇರಲಿ ಬಿಡು. ನನಗೇನೂ ಅವಸರ ಇಲ್ಲ."