ಹೆಸರು ಮುಚ್ಚಿದ ಲೇಖನ

"ಈ ಲೇಖನ ಬರೆದವರು ಯಾರೇ ಆಗಿರಲಿ, ನಮ್ಮನ್ನ ಚೆನ್ನಾಗಿ ಯಾಮಾರಿಸಿದ್ದಾರೆ ಮೇಡಂ!"

ಪೇಚಿಯಮ್ಮಾಳ್ ಹಾಗೆಂದದ್ದೇ ತಡ, ತರಗತಿ ಗೊಳ್ಳೆಂದು ನಕ್ಕಿತು. ಅವಳು ಸರ್ಜರಿಯ ಎರಡನೇ ವರ್ಷದ ಪೀಜಿ ವಿದ್ಯಾರ್ಥಿನಿ. ಹುಡುಗಿಯ ಬಾಯಿ ಅವಳ ಕತ್ತರಿಗಿಂತ ಹರಿತ.

"ಅದು ಬೈಗುಳ. ನನಗೆ ಕಾರಣ ಬೇಕು," ಎಂದಳು ಡಾ. ಮಂಗೈಯರ್ಕರಸಿ, ನಗು ತಡೆದುಕೊಂಡು.

ಮಧುರೈಯ ಆ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಗುರುವಾರದ ಈ ತರಗತಿಯನ್ನು ಮಂಗೈ ಹಠ ಹಿಡಿದು ಕಟ್ಟಿದ್ದಳು. ಯಾವ ಚಿಕಿತ್ಸೆಗೆ ಪುರಾವೆ ಇದೆ, ಯಾವುದು ಬರೀ ದೊಡ್ಡವರ ಬಾಯಿಮಾತು ಎಂದು ಎಲ್ಲ ವಿಭಾಗಗಳ ಪೀಜಿಗಳು ಇಲ್ಲಿ ಜರಡಿ ಹಿಡಿಯುತ್ತಿದ್ದರು. ಅವಳದ್ದು ಒಂದೇ ನಿಯಮ. ಯಾರು ಬೇಕಾದರೂ ಒಂದು ಸಂಶೋಧನಾ ಲೇಖನವನ್ನು ಅವಳ ಕೋಣೆಯ ಹೊರಗಿನ ಬಿಸ್ಕತ್ತಿನ ಡಬ್ಬಕ್ಕೆ ಹಾಕಬಹುದು. ಆದರೆ ಬರೆದವರ ಹೆಸರು, ಊರು ಎಲ್ಲದರ ಮೇಲೂ ಕಪ್ಪು ಕಾಗದ ಅಂಟಿಸಿರಬೇಕು. ಅದು ಯಾರದೆಂದು ಮಂಗೈಗೂ ಗೊತ್ತಾಗಬಾರದು!

"ಹೆಸರು ಕಂಡರೆ ಬೆನ್ನು ಬಾಗುತ್ತೆ," ಎನ್ನುತ್ತಿದ್ದಳು. "ಬೆನ್ನು ಬಾಗಿದವರಿಗೆ ನೆಲ ಮಾತ್ರ ಕಾಣೋದು."

ಪೇಚಿ ಲೇಖನವನ್ನು ಎತ್ತಿ ಹಿಡಿದಳು. "ಅಪೆಂಡಿಕ್ಸ್ ಒಡೆದವರ ಹೊಟ್ಟೆಯಲ್ಲಿ ಆಪರೇಷನ್ ಆದಮೇಲೆ ಕೀವು ಬಸಿಯೋ ಕೊಳವೆ ಬಿಟ್ಟರೆ ಸೋಂಕು ಅರ್ಧಕ್ಕೆ ಇಳಿಯುತ್ತೆ ಅಂತಾರೆ. ಅರ್ಧ ಅಂದ್ರೆ ಎಷ್ಟು? ನೂರಕ್ಕೆ ನಾಲ್ವರಿಗೆ ಆಗ್ತಿದ್ದದ್ದು ಇಬ್ಬರಿಗೆ! ಹೋಗಲಿ, ಅದಾದ್ರೂ ಕೊಳವೆಯಿಂದಾನಾ? ಹಗಲು ದೊಡ್ಡ ಸರ್ಜನ್ ಕೈಯಲ್ಲಿ ಆಪರೇಷನ್ ಆದವರಿಗೆಲ್ಲ ಕೊಳವೆ. ರಾತ್ರಿ ನಮ್ಮಂಥ ಹುಡುಗರು ಮಾಡಿದವರಿಗೆ ಇಲ್ಲ. ಗೆದ್ದದ್ದು ಕೊಳವೆಯೋ, ದೊಡ್ಡ ಸರ್ಜನ್ ಕೈಯೋ?"

"ಶಭಾಷ್!" ಮಂಗೈ ಮೇಜು ಕುಟ್ಟಿದಳು. "ಈ ಲೇಖನ ನಂಬಿ ರೋಗಿಯ ಹೊಟ್ಟೆಯಲ್ಲಿ ರಬ್ಬರ್ ಬಿಡೋದು ತಪ್ಪು. ಬರೆದವರು ಬಂದರೆ ಮುಖಕ್ಕೇ ಹೇಳ್ತೀನಿ!"

"ಹೇಳಿ ಮೇಡಂ. ಆ ಲೇಖನ ನನ್ನದು."

ಹಿಂಬಾಗಿಲಲ್ಲಿ ಡಾ. ಕದಿರವನ್ ನಿಂತಿದ್ದ. ಸರ್ಜರಿಯ ಅಸಿಸ್ಟೆಂಟ್ ಪ್ರೊಫೆಸರ್. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಇನ್ನೇನೋ ಹೇಳಲು ಬಾಯಿ ತೆರೆದವನು ಸರ್ರನೆ ತಿರುಗಿ ಹೊರಟುಹೋದ.

ಪೀಜಿಗಳು ಒಬ್ಬರ ಮುಖ ಒಬ್ಬರು ನೋಡಿದರು.

ಮಂಗೈ ಆ ಬಾಗಿಲನ್ನೇ ನೋಡಿದಳು. ಕೆಲವು ತಿಂಗಳಿಂದ ಪ್ರತಿ ಗುರುವಾರ ಆ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದವನು ಇವನೇ. "ನಮ್ಮ ಪೀಜಿಗಳನ್ನ ಹುಡುಕ್ಕೊಂಡು ಬಂದೆ," ಎನ್ನುವ ನೆಪ ಅವನದು. ಅವನಿಗಾಗಿಯೇ ಗುರುವಾರದಂದು ಅವಳು ಕನಕಾಂಬರ ಮುಡಿಯುತ್ತಿದ್ದದ್ದು ಅವಳಿಗೆ ಮಾತ್ರ ಗೊತ್ತಿದ್ದ ಸತ್ಯ.

ಮರುದಿನವೇ ಸರ್ಜರಿ ಮುಖ್ಯಸ್ಥ ಪ್ರೊಫೆಸರ್ ರಾಜಮಾಣಿಕ್ಕಂ ಕರೆಸಿದರು. ಎಲ್ಲರ ಪಾಲಿಗೆ ಅವರು 'ಚೀಫ್'. ಅವರು ಹೇಳಿದ ಮೇಲೆ ಆ ಕಟ್ಟಡದಲ್ಲಿ ಎರಡನೇ ಮಾತಿಲ್ಲ. ಆ ಲೇಖನದಲ್ಲಿ ಕದಿರವನ್ ಜೊತೆ ಅವರ ಹೆಸರೂ ಇತ್ತು.

"ಏನಮ್ಮಾ, ಗಂಟಲಿನ ಗಡ್ಡೆ ಎಂಥದ್ದು ಅಂತ ಬರೀ ಮುಟ್ಟಿ ಹೇಳ್ತೀನಿ ನಾನು. ನೀನು ನನ್ನ ಹೆಸರಿಗೆ ಕಪ್ಪು ಕಾಗದ ಅಂಟಿಸಿ ಮಕ್ಕಳ ಕೈಲಿ ಉಗಿಸ್ತೀಯಾ?"

"ಹೆಸರು ನನಗೂ ಗೊತ್ತಿರಲಿಲ್ಲ ಸಾರ್. ಗೊತ್ತಿದ್ದರೂ ಅದನ್ನೇ ಹೇಳ್ತಿದ್ದೆ."

"ಓಹೋ! ನಾಳೆ ಶನಿವಾರದ ಕಾಲೇಜು ಸಭೆಯಲ್ಲಿ ಎಲ್ಲರೆದುರು ಕ್ಷಮೆ ಕೇಳು. ಇಲ್ಲ ಅಂದ್ರೆ ನನ್ನ ಒಬ್ಬ ಪೀಜಿಯೂ ನಿನ್ನ ತರಗತಿಗೆ ಕಾಲಿಡಲ್ಲ. ಸರ್ಜರಿಯವರು ಬರಲಿಲ್ಲ ಅಂದ್ರೆ ಬೇರೆಯವರೂ ಬರಲ್ಲ, ತಿಳ್ಕೋ."

ಮೆಟ್ಟಿಲಿಳಿಯುವಾಗ ಅವಳ ಕಣ್ಣು ಉರಿಯುತ್ತಿತ್ತು. ತರಗತಿ ಹೋದರೆ ಪೀಜಿಗಳು ಮತ್ತೆ 'ಚೀಫ್ ಹೇಳಿದ್ದಾರೆ' ಎಂದು ಕೈಕಟ್ಟಿ ನಿಲ್ಲುತ್ತಾರೆ. ಉಳಿಸಿಕೊಳ್ಳಬೇಕೆಂದರೆ ನಿಜ ಹೇಳಿದ್ದಕ್ಕೆ ಕ್ಷಮೆ ಕೇಳಬೇಕು. ಕೇಳಿದ ಮೇಲೆ ಆ ತರಗತಿಗೆ ಮೂರು ಕಾಸಿನ ಬೆಲೆ ಉಳಿಯುತ್ತದೆಯೇ?

ಕೆಳಗೆ ಕದಿರವನ್ ಕಾದು ನಿಂತಿದ್ದ.

"ಮೇಡಂ, ಒಂದು ನಿಮಿಷ. ಆ ಲೇಖನ..."

"ಚೀಫ್ ಹತ್ತಿರ ಚಾಡಿ ಹೇಳಿದ್ದು ಸಾಕಾಗ್ಲಿಲ್ವಾ ಸಾರ್?"

"ಚಾಡೀನಾ? ನಾನಾ? ಕ್ಯಾಂಟೀನ್ ತುಂಬ ಅದೇ ಮಾತು, ಅವರ ಕಿವಿಗೆ ಬೀಳದೆ ಇರುತ್ತಾ? ಸ್ವಲ್ಪ ಕೇಳಿ..."

"ನಿಮ್ಮ ಮುಖ ನೋಡಿದೆನಲ್ಲ, ಅಷ್ಟೇ ಸಾಕು. ನನ್ನ ತರಗತಿ ಮುಚ್ಚಿಸಿ, ನೆಮ್ಮದಿಯಾಗಿ ಇರಿ!"

ಅವನು ಅಲ್ಲೇ ನಿಂತ. ಅವಳು ತಿರುಗಿಯೂ ನೋಡಲಿಲ್ಲ.

'ಇಂಥವನಿಗೆ ಹೂ ಮುಡಿದೆನಲ್ಲ... ನನ್ನ ಬುದ್ಧಿಗಿಷ್ಟು!' ಮನಸ್ಸು ಶಪಿಸಿತು. ಆದರೂ ಆ ಬಿಳಿಚಿದ ಮುಖ ಕಣ್ಣಿಂದ ಹೋಗಲೊಲ್ಲದು.

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಬೇರೆ ದಿನ ತೂಕಡಿಸುವ ಪ್ರೊಫೆಸರುಗಳೂ ಅಂದು ಮೊದಲೇ ಬಂದು ಕೂತಿದ್ದರು. ಜಗಳ ಅಂದರೆ ಯಾರಿಗೆ ಬೇಡ!

ಮಂಗೈ ಮೈಕಿನ ಮುಂದೆ ನಿಂತಳು.

"ಕ್ಷಮೆ ಕೇಳು ಅಂದ್ರು. ಯಾರ ಮನಸ್ಸಿಗಾದ್ರೂ ನೋವಾಗಿದ್ದರೆ ಆ ನೋವಿಗೆ ನಾನೂ ಮರುಗ್ತೀನಿ. ಆದ್ರೆ ಪೇಚಿಯಮ್ಮಾಳ್ ಕೇಳಿದ ಪ್ರಶ್ನೆಗೆ ನಾನು ಕ್ಷಮೆ ಕೇಳಲ್ಲ. ಆ ಪ್ರಶ್ನೆ ಸರಿ. ನಾಳೆ ಈ ಮಕ್ಕಳು ಚಾಕು ಹಿಡಿದಾಗ ಹೊಟ್ಟೆ ಕೊಯ್ಸಿಕೊಳ್ಳೋದು ಬಡ ರೋಗಿ, ನಾವಲ್ಲ. ತರಗತಿ ನಿಲ್ಲಿಸ್ತೀರಾ? ನಿಲ್ಲಿಸಿ. ಬೇವಿನ ಮರದ ಕೆಳಗೆ ಪಾಠ ಮಾಡ್ತೀನಿ. ಬರೋವರು ಬರಲಿ!"

ಚೀಫ್ ಮುಖ ಕೆಂಪಾಯಿತು. "ನೋಡಿದಿರಾ ಈ ಸೊಕ್ಕು? ಕದಿರವಾ, ನೀನೇ ಹೇಳಯ್ಯಾ. ನಿನ್ನ ಲೇಖನ ಡಬ್ಬಕ್ಕೆ ಹಾಕಿ ನಗಾಡಿದ್ದು ಸರೀನಾ?"

ಕದಿರವನ್ ಎದ್ದ.

'ಹೇಳು, ನೀನೂ ಒಂದು ಕಲ್ಲು ಹೊಡಿ,' ಎಂದುಕೊಂಡು ಮಂಗೈ ತುಟಿ ಕಚ್ಚಿದಳು.

"ಡಬ್ಬಕ್ಕೆ ಹಾಕಿದ್ದು ನಾನೇ ಸಾರ್."

ಸಭೆಯೇ ಬೆಚ್ಚಿತು.

"ನಮ್ಮ ವಾರ್ಡಲ್ಲಿ ಒಬ್ಬಳು ಹೂ ಕಟ್ಟೋ ಅಜ್ಜಿ ಇದ್ದಳು. ಹೊಟ್ಟೆಯಿಂದ ನೇತಾಡೋ ಕೊಳವೆ ತೋರಿಸಿ, 'ಡಾಕ್ಟರ್ ತಂಬಿ, ಈ ಬಾಲ ಯಾತಕ್ಕೆ?' ಅಂತ ದಿನಾ ಕೇಳೋಳು. 'ಚೀಫ್ ಹೇಳಿದ್ದಾರೆ ಅಜ್ಜಿ' ಅಂತಿದ್ದೆ. ಬೇರೆ ಉತ್ತರ ನನ್ನ ಹತ್ತಿರ ಇರಲಿಲ್ಲ. ನನ್ನ ಲೇಖನದ ಮೇಲೆ ನನಗೇ ಅನುಮಾನ ಬಂದಿತ್ತು ಸಾರ್. ನಿಮ್ಮ ಮುಂದೆ ಹೇಳೋ ಧೈರ್ಯ ಬರಲಿಲ್ಲ. ಹೆಸರು ನೋಡದೆ ನಿಜ ಹೇಳೋ ಜಾಗ ಈ ಕಾಲೇಜಲ್ಲಿ ಒಂದೇ. ಅದನ್ನ ಮುಚ್ಚಬೇಡಿ. ಮುಚ್ಚೋದಾದ್ರೆ ಆ ಬೇವಿನ ಮರದ ಕೆಳಗೆ ಮೊದಲು ಕೂರೋನು ನಾನು."

ಮಂಗೈಗೆ ಗುರುವಾರದ ಆ ಬಿಳಿಚಿದ ಮುಖ ನೆನಪಾಯಿತು. ಅದು ಸಿಟ್ಟಿನ ಮುಖವಲ್ಲ... ನಾಚಿಕೆಯ ಮುಖ! ಅಯ್ಯೋ, ಅವನಿಗೆ ಬಾಯಿ ತೆರೆಯಲೂ ಬಿಡಲಿಲ್ಲವಲ್ಲ ನಾನು!

ಚೀಫ್ ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ಏನ್ ಮಾಡ್ಬೇಕು ಅಂತೀಯಾ?"

"ರೋಗಿಗಳಿಗೆ ತಿಳಿಸಿ, ಒಪ್ಪಿದವರಿಗೆ ಚೀಟಿ ಎತ್ತೋಣ ಸಾರ್. ಅರ್ಧ ಜನಕ್ಕೆ ಕೊಳವೆ, ಅರ್ಧ ಜನಕ್ಕೆ ಬೇಡ. ಹಗಲು ರಾತ್ರಿ ಭೇದ ಇಲ್ಲದೆ."

"ಎಥಿಕ್ಸ್ ಸಮಿತಿಗೆ ಬರೆದು ಹಾಕು. ಕೊಳವೆ ಗೆದ್ರೆ ನೀವಿಬ್ರೂ ನನ್ನ ಮುಂದೆ ಕೈಕಟ್ಟಿ ನಿಲ್ಲಬೇಕು."

"ಸೋತರೆ ಸಾರ್?" ಹಿಂದಿನಿಂದ ಪೇಚಿಯ ದನಿ!

"ಸೋತರೆ ಆ ತರಗತಿಗೆ ನಾನೂ ಬರ್ತೀನಿ. ಅಲ್ಲೀವರೆಗೂ ನೀವು ಪೀಜಿಗಳೆಲ್ಲ ಅಲ್ಲಿಗೆ ಹೋಗಿ, ತೊಲಗಿ!"

ಪೀಜಿಗಳ ಚಪ್ಪಾಳೆಗೆ ಕಿಟಕಿ ಗಾಜು ಅದುರಿತು.

ಸಂಜೆ ಗೇಟಿನ ಹೊರಗೆ ಪರುತ್ತಿಪಾಲ್ ಗಾಡಿಯ ಬಳಿ ಕದಿರವನ್ ಲೋಟ ಹಿಡಿದು ನಿಂತಿದ್ದ. ಹತ್ತಿಬೀಜದ ಹಾಲಿನ ಶುಂಠಿ ಬೆಲ್ಲದ ಘಮ ಸುತ್ತೆಲ್ಲ ಹಬ್ಬಿತ್ತು. ಮಂಗೈ ನೇರ ಎದುರು ಹೋಗಿ ನಿಂತಳು.

"ನಾನು ನಿಮ್ಮನ್ನ ಕೇಳಲೇ ಇಲ್ಲ. ಮುಖ ನೋಡಿ ತೀರ್ಪು ಕೊಟ್ಟುಬಿಟ್ಟೆ. ಪೀಜಿ ಯಾರಾದ್ರೂ ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಈ ಕ್ಷಮೆ ಮಾತ್ರ ಮನಸಾರೆ ಕೇಳ್ತೀನಿ... ತಪ್ಪಾಯ್ತು."

"ನಾನೂ ಅಲ್ಲೇ ಹೇಳಬೇಕಿತ್ತು. ಪೀಜಿಗಳ ಮುಂದೆ ನಾಚಿಕೆಯಾಯ್ತು." ಅವನು ಲೋಟ ಕೆಳಗಿಟ್ಟ. "ಮಂಗೈ... ಪೀಜಿಗಳನ್ನ ಹುಡುಕೋಕೆ ನಾನ್ಯಾವತ್ತೂ ಬಂದಿಲ್ಲ. ನಿಮ್ಮನ್ನ ನೋಡೋಕೇ ಬರ್ತಿದ್ದೆ. ಅಮ್ಮನ್ನ ನಿಮ್ಮಪ್ಪನ ಹತ್ತಿರ ಮಾತಾಡೋಕೆ ಕಳಿಸ್ಲಾ?"

ಅವಳ ಕಣ್ಣು ತುಂಬಿತು. ಗದ್ದ ಮಾತ್ರ ಮೇಲೆದ್ದಿತು!

"ಅಪ್ಪನ ಹತ್ತಿರ ಯಾಕೆ? ನಿಮ್ಮ ಜೊತೆ ಬಾಳೋದು ಅವರಾ, ನಾನಾ? ನನ್ನನ್ನ ಕೇಳಿ."

"ನನ್ನ ಮದುವೆ ಆಗ್ತೀರಾ?" ಅವನು ಪಿಸುಗುಟ್ಟಿದ.

"ಜೋರಾಗಿ. ಪಿಸುಗುಟ್ಟಿದ್ದು ಸಾಕು ಸಾರ್."

"ಮಂಗೈಯರ್ಕರಸೀ, ನನ್ನ ಮದುವೆ ಆಗ್ತೀರಾ?"

ಗಾಡಿಯವನು ಸೌಟು ಹಿಡಿದು ಹಾಗೇ ನಿಂತ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು.

"ಆಗ್ತೀನಿ!" ಅವಳೂ ಅಷ್ಟೇ ಜೋರಾಗಿ ಹೇಳಿ, ಎಲ್ಲರೆದುರೇ ಅವನ ಕೈ ಹಿಡಿದಳು.

"ಇನ್ಮೇಲೆ ನಾನು ಲೇಖನ ಬರೆಯೋಕೆ ಮುಂಚೆನೇ ಬೈದುಬಿಡಿ," ಎಂದ ಅವನು, ನಗುತ್ತಾ ಕಣ್ಣೊರೆಸಿಕೊಳ್ಳುತ್ತಾ.

"ಬರೆದ ಮೇಲೂ ಬೈತೀನಿ."