ಮುಳುಗಿದ ರಸ್ತೆಯಿಂದ ಹಾರಿದ ವಿಮಾನ

೧೯೮೨ರ ಮೇ ತಿಂಗಳು. ಇಂಡೊನೇಷ್ಯಾದ ಜ್ವಾಲಾಮುಖಿಯೊಂದರ ಬೂದಿ ಗಾಳಿಯಲ್ಲಿ ಇತ್ತ ತೇಲಿಬರುತ್ತಿದೆಯೆಂಬ ಸುದ್ದಿಯಿತ್ತು. ಅದು ಹೊಕ್ಕರೆ ಜೆಟ್ ವಿಮಾನದ ಎಂಜಿನ್ ಆಕಾಶದಲ್ಲೇ ನಿಂತುಹೋಗಬಹುದು. ಹಾಗಾಗಿ ಪೈಲಟ್ ಮುಕುಂದಯ್ಯ ಮತ್ತು ವಿಜ್ಞಾನಿ ಉಮಾಮಹೇಶ್ವರ ಪುಟ್ಟ ಸಂಶೋಧನಾ ವಿಮಾನದಲ್ಲಿ ಕಡಲ ಮೇಲೆ ಹಾರಿ, ಫಿಲ್ಟರ್ ಕಾಗದಗಳಲ್ಲಿ ಬೂದಿ ಹಿಡಿದಿದ್ದರು. ಸಂಜೆಯೊಳಗೆ ಅದನ್ನು ಬೆಂಗಳೂರಿನಲ್ಲಿ ತೂಗಬೇಕು. ರಾತ್ರಿ ಹೊರಡುವ ಪ್ರಯಾಣಿಕ ವಿಮಾನಗಳಿಗೆ ಸುರಕ್ಷಿತ ದಾರಿ ಗೊತ್ತಾಗುವುದು ಆ ತೂಕದಿಂದಲೇ.

ಮರಳುವ ದಾರಿಯಲ್ಲಿ, ಮಲೆನಾಡಿನ ತುಮರಿಯ ಮೇಲೆ ಬರುವಾಗ ಎಣ್ಣೆಯ ಕೊಳವೆ ಸಡಿಲವಾಯಿತು. ಮುಕುಂದಯ್ಯ ಎದೆಗಾರ, ಕೆಳಗೆ ಕಂಡ ಬಯಲಿನಲ್ಲಿ ವಿಮಾನ ಇಳಿಸಿಯೇಬಿಟ್ಟ.

ಬೇಸಿಗೆಯಲ್ಲಿ ಶರಾವತಿಯ ಹಿನ್ನೀರು ಸರಿದರೆ ಬೇರೊಂದು ಲೋಕವೇ ಎದ್ದುಬರುತ್ತದೆ. ಕಣ್ಣು ಹಾಯುವಷ್ಟು ದೂರ ಕೆಂಪು ನೆಲ, ಎಳೆ ಹುಲ್ಲು, ಮುಳುಗಿಹೋದ ಕಾಡಿನ ಕಪ್ಪು ಬೊಡ್ಡೆಗಳು. ನೋಡಲು ಬಲು ಚಂದ. ಕಾಲಿಟ್ಟರೆ ಕೆಸರು.

ಕೊಳವೆ ಬಿಗಿಯಾಯಿತು. ಎಂಜಿನ್ ಗುಡುಗಿತು. ಚಕ್ರಗಳು ಮಾತ್ರ ಹೂತುಕೊಂಡವು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

"ಮಳೆ ಬಂದ್ರೆ ಕೆಲಸ ಕೆಟ್ಟಿತು" ಎಂದ ಮುಕುಂದಯ್ಯ.

"ಲಾಂಚು, ಬಸ್ಸು ಅಂತ ಹೋದ್ರೆ ನಾಳೆ ಬೆಳಗಾಗುತ್ತೆ" ಎಂದು ಉಮಾಮಹೇಶ್ವರ ಕಾಗದಗಳ ಪೆಟ್ಟಿಗೆಯನ್ನು ಅವುಚಿಕೊಂಡ.

ಅಷ್ಟರಲ್ಲಿ, ಜನರನ್ನು ಹಿನ್ನೀರು ದಾಟಿಸುವ ಲಾಂಚಿನ ಡ್ರೈವರ್ ಬೆಳ್ಳಪ್ಪ ವಿಮಾನ ಇಳಿದದ್ದನ್ನು ಕಂಡು ತನ್ನ ಪ್ರಯಾಣಿಕರನ್ನೆಲ್ಲ ಕರೆದುಕೊಂಡು ಓಡಿಬಂದ. ಅವರಲ್ಲಿದ್ದ ಅರವತ್ತರ ಹೂವಮ್ಮ ವಿಮಾನಕ್ಕೆ ಒಂದು ಸುತ್ತು ಹಾಕಿ ನಕ್ಕುಬಿಟ್ಟಳು.

"ರಸ್ತೆ ಬಿಟ್ಟು ಗದ್ದೇಲಿ ಇಳಿಸಿದೀರಲ್ಲ ಸ್ವಾಮಿ!"

"ಇಲ್ಲೆಲ್ಲಿ ರಸ್ತೆ ಅಮ್ಮಾ?" ಎಂದ ಮುಕುಂದಯ್ಯ.

"ಡ್ಯಾಮ್ ಕಟ್ಟೋಕೆ ಮುಂಚೆ ನನ್ ಮದ್ವೆ ದಿಬ್ಬಣ ಬಂದಿದ್ದೇ ಇಲ್ಲಿ. ಜಲ್ಲಿ ಹಾಕಿ ಮಾಡಿದ್ ರಸ್ತೆ, ಎಲ್ಲಿಗ್ ಹೋಗ್ತದೆ?"

ಬೆಳ್ಳಪ್ಪನ ಬಿದಿರು ಗಳ ಕಸಿದುಕೊಂಡು ಅವಳು ನೆಲ ಕುಟ್ಟುತ್ತ ಹೊರಟಳು. ಪಚಕ್. ಪಚಕ್. ಹತ್ತು ಮಾರು ದಾಟಿದ ಮೇಲೆ, ಟಕ್!

ಎಲ್ಲರೂ ಹೆಗಲು ಕೊಟ್ಟರು. ವಿಮಾನ ಕೆಸರಿನಿಂದೆದ್ದು ರಸ್ತೆ ಹತ್ತಿತು.

"ಮುಂದೆ ಮೋರಿ ಹತ್ರ ರಸ್ತೆ ತಿರುಗ್ತದೆ. ಅಷ್ಟರೊಳಗೆ ಹಾರ್ಬೇಕು. ನಾನು ಅಲ್ ನಿಂತಿರ್ತೀನಿ" ಎಂದು ಹೂವಮ್ಮ ಲಾಂಚಿನ ಕೆಂಪು ಬಾವುಟ ಹಿಡಿದು ನಡೆದೇಬಿಟ್ಟಳು.

ಮೊದಲ ಹನಿ ಬಿತ್ತು. ವಿಮಾನ ಓಡಿತು. ಕುಲುಕಿತು. ಬಾವುಟ ಹತ್ತಿರವಾಯಿತು.

"ಏಳಿಸೋ ಮಾರಾಯಾ!" ಉಮಾಮಹೇಶ್ವರ ಕಿರುಚಿದ.

ಮುಕುಂದಯ್ಯ ಜಗ್ಗಿದ. ಹೂವಮ್ಮ ಧಡಕ್ಕನೆ ಕುಳಿತಳು. ವಿಮಾನ ಅವಳ ತಲೆಯ ಮೇಲೆ ಹಾರಿ, ನೀರು ದಾಟಿ, ಮೇಲೇರಿತು. ಕೆಳಗೆ ಅವಳು ಎದ್ದುನಿಂತು ಬಾವುಟ ಬೀಸುತ್ತಿದ್ದುದನ್ನು ಕಂಡು ಇಬ್ಬರೂ ಹುಚ್ಚರ ಹಾಗೆ ನಕ್ಕರು.

ಆರು ಗಂಟೆಗೆ ತೂಕವಾಯಿತು. ಬೂದಿ ಎಣಿಸಿದ್ದಕ್ಕಿಂತ ದಟ್ಟವಾಗಿತ್ತು. ಆ ರಾತ್ರಿಯ ವಿಮಾನಗಳೆಲ್ಲ ಬೇರೆ ದಾರಿ ಹಿಡಿದು ಕ್ಷೇಮವಾಗಿ ಊರು ಸೇರಿದವು.

ವರದಿಯಲ್ಲಿ ಒಂದು ಜಾಗ ಖಾಲಿ ಉಳಿದಿತ್ತು: ಹೊರಟ ನಿಲ್ದಾಣ. ಉಮಾಮಹೇಶ್ವರ ತಲೆ ಕೆರೆದುಕೊಂಡ. ಮುಕುಂದಯ್ಯ ಪೆನ್ನು ಕಸಿದುಕೊಂಡು ದಪ್ಪ ಅಕ್ಷರಗಳಲ್ಲಿ ಬರೆದ: ಹೂವಮ್ಮನ ರಸ್ತೆ.