ರೆಕಾರ್ಡಿಂಗ್‌ನಲ್ಲಿ ಅಜ್ಜಿ ಬೇಡ

“ಅಜ್ಜೀ! ಮತ್ತೆ ಮಾತಾಡ್ದೆ ನೋಡು. ಎಲ್ಲಾ ಹಾಳಾಯ್ತು!”

ಚೂಟಿ ಮೊಬೈಲ್ ಎತ್ತಿಕೊಂಡು ರೆಕಾರ್ಡಿಂಗ್ ನಿಲ್ಲಿಸಿದಳು. ಬೆಳಿಗ್ಗೆಯಿಂದ ಇದೇ ಗೋಳು.

“ಅಯ್ಯೋ, ನಾನೇನೇ ಮಾಡ್ದೆ?” ಅಜ್ಜಿ ಬಟಾಣಿ ಸುಲಿಯುತ್ತಾ ಕೂತಿದ್ದರು. “ನಿಮ್ ತಾತ ಬೇಸಿಗೇಲಿ ಹೊರಟೆ ಅಂದ್ರು. ಬೇಸಿಗೆ ಎಲ್ಲಿತ್ತು? ಜಡಿಮಳೆ! ಕೊಡೆ ಹಿಡಿದು ಸ್ಟೇಷನ್ನಿಗೆ ಹೋಗಿದ್ದು ನಾನಲ್ವಾ?”

“ಇದು ಸೈನಿಕರ ರೆಕಾರ್ಡಿಂಗ್ ಅಜ್ಜಿ. ನೀನೇನು ಸೈನಿಕಳಾ?”

ತಾತ ಮೀಸೆಯಡಿಯಲ್ಲೇ ನಕ್ಕರು. “ಅವಳು ಸೈನಿಕಳಲ್ಲಮ್ಮ. ಜನರಲ್!”

ತಾತ ಸೈನ್ಯದಲ್ಲಿದ್ದವರು. ಬೆಟ್ಟಗಳ ಮೇಲಿನ ಠಾಣೆಗಳಿಗೆ ಟೆಲಿಫೋನ್ ತಂತಿ ಎಳೆಯುವುದು ಅವರ ಕೆಲಸವಾಗಿತ್ತು. ಈಗ ಊರಿನ ಲೈಬ್ರರಿಯವರು ಸೈನ್ಯದಲ್ಲಿ ದುಡಿದವರ ಕತೆಗಳನ್ನು ಅವರವರ ಬಾಯಿಂದಲೇ ಕೇಳಿ, ರೆಕಾರ್ಡ್ ಮಾಡಿ ಕೂಡಿಡುತ್ತಿದ್ದರು. ಚೂಟಿಯ ಶಾಲೆಯ ಮಕ್ಕಳಿಗೂ ಆ ಕೆಲಸ ಹಂಚಿದ್ದರು. ಕೊಡುವುದಕ್ಕೆ ನಾಳೆಯೇ ಕೊನೆಯ ದಿನ.

ಚೂಟಿಗೆ ಇದು ಬರೀ ಹೋಮ್‌ವರ್ಕ್ ಆಗಿರಲಿಲ್ಲ. ಮೂಲೆಮನೆಯ ತಾತನೂ ಅವಳ ತಾತನ ಜೊತೆ ತಂತಿ ಎಳೆದವರೇ. ಹೋದ ವರ್ಷ ತೀರಿಕೊಂಡರು. ಅವರ ಮೊಮ್ಮಗಳು ಶಾಲೆಯಲ್ಲಿ ಚೂಟಿಯ ಪಕ್ಕದಲ್ಲೇ ಕೂರುತ್ತಾಳೆ. “ನಮ್ ತಾತನ ಫೋಟೋ ಬೇಕಾದಷ್ಟಿದೆ ಕಣೇ. ದನಿ ಮಾತ್ರ ಒಂದ್ ಚೂರೂ ಇಲ್ಲ,” ಎಂದು ಅವಳು ಹೇಳಿದ ದಿನ ಚೂಟಿಗೆ ಊಟ ಸೇರಿರಲಿಲ್ಲ. ತನ್ನ ತಾತನ ದನಿ ಹಾಗೆ ಕಳೆದುಹೋಗಬಾರದು. ಅದಕ್ಕೇ ಇಷ್ಟು ಗಡಿಬಿಡಿ.

“ಅಜ್ಜಿ, ನೀನು ಒಳಗೆ ಹೋಗ್ಬಿಡು. ಪ್ಲೀಸ್.”

“ಹೋಗ್ತೀನಮ್ಮಾ, ಹೋಗ್ತೀನಿ. ನಂದೇನಿದೆ ಹೇಳೋದು?” ಅಜ್ಜಿ ಬುಟ್ಟಿ ಎತ್ತಿಕೊಂಡು ಒಳಕೋಣೆಗೆ ನಡೆದರು. ಅಷ್ಟು ಸಾಲದು ಎಂಬಂತೆ ಚೂಟಿ ಬಾಗಿಲನ್ನೂ ಹಾಕಿಬಿಟ್ಟಳು.

ಮತ್ತೆ ರೆಕಾರ್ಡಿಂಗ್ ಶುರು ಮಾಡಿದಳು. “ಹೂಂ, ಈಗ ಹೇಳಿ ತಾತ. ಸೈನ್ಯಕ್ಕೆ ಹೋಗಿದ್ದು ಹೇಗೆ?”

ತಾತ ಕುರ್ಚಿಯಲ್ಲಿ ಸೆಟೆದು ಕೂತರು. ಗಂಟಲು ಸರಿಮಾಡಿಕೊಂಡರು. “ಆದೇಶ ಬಂತು. ಹೊರಟೆವು. ತಲುಪಿದೆವು.”

“ಅಷ್ಟೇನಾ?”

“ತಂತಿ ಎಳೆದೆವು. ವಾಪಸ್ ಬಂದೆವು.”

ಮೇಲಧಿಕಾರಿಗೆ ವರದಿ ಒಪ್ಪಿಸಿದ ಹಾಗಿತ್ತು. ಊಟದ ಹೊತ್ತಿನಲ್ಲಿ ಇದೇ ತಾತ ಕತೆಗೆ ಕೂತರೆ ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾದರೂ ಮುಗಿಯುತ್ತಿರಲಿಲ್ಲ. ಈಗ ನೋಡಿದರೆ ಮಾತುಮಾತಿಗೂ ಮುಚ್ಚಿದ ಬಾಗಿಲ ಕಡೆ ಕಣ್ಣು ಹಾಯಿಸುತ್ತಿದ್ದರು.

“ತಾತ, ಹಿಮದಲ್ಲಿ ತಂತಿ ತುಂಡಾಗಿತ್ತಲ್ಲ, ಆ ಬೆಟ್ಟದ ಹೆಸರೇನು?”

“ಅದಾ... ಅದೇನೋ... ನಿಮ್ಮಜ್ಜಿಗೆ ಗೊತ್ತು.”

“ಅಜ್ಜಿ ಅಲ್ಲಿಗೆ ಬಂದೇ ಇರ್ಲಿಲ್ವಲ್ಲ!”

“ಬಂದಿರ್ಲಿಲ್ಲ. ಆದ್ರೆ ನಾನು ಮರೆತಿದ್ದೆಲ್ಲ ಅವಳ ಹತ್ರ ಇದೆ. ನಾನು ಶುರು ಮಾಡ್ತೀನಿ, ಅವಳು ತಪ್ಪು ಅಂತ ಬೈತಾಳೆ, ಆಗ ನಂಗೆ ಎಲ್ಲಾ ನೆನಪಾಗುತ್ತೆ.”

ಚೂಟಿ ಪೆಚ್ಚಾದಳು. ನಿಜ, ತಾತ ಒಬ್ಬರೇ ಕತೆ ಹೇಳಿದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಬಾಗಿಲು ತೆರೆದು ನೋಡಿದರೆ ಅಜ್ಜಿ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದರು. ಬುಟ್ಟಿ ತೊಡೆಯ ಮೇಲಿತ್ತು, ಒಳಗೆ ಬಂದಮೇಲೆ ಒಂದು ಕಾಯಿಯನ್ನೂ ಸುಲಿದಿರಲಿಲ್ಲ. ಚೂಟಿಗೆ ಅಳುವೇ ಬಂದಂತಾಯಿತು.

“ಸಾರಿ ಅಜ್ಜಿ. ಆಚೆ ಬಾ.”

“ಯಾಕೆ? ನಿಮ್ ತಾತಂಗೆ ನೀರು ಬೇಕಂತಾ?”

“ಅಲ್ಲ. ನೀನು ಬೇಕಂತೆ.”

“ಈ ವಯಸ್ಸಲ್ಲಿ!” ಅಜ್ಜಿ ಗೊಣಗುತ್ತಲೇ ಎದ್ದರು. ಮುಖ ಮಾತ್ರ ಅರಳಿತ್ತು.

ಬೆಟ್ಟದ ಹೆಸರು ಅಜ್ಜಿಯ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಕೇಳಿದ್ದೇ ತಡ, ತಾತನ ಬಾಯಿ ಬಿಚ್ಚಿತು. ಬೆನ್ನಿಗೆ ತಂತಿಯ ಸುರುಳಿ ಕಟ್ಟಿಕೊಂಡು ಹಿಮದಲ್ಲಿ ತೆವಳಿದ್ದು, ಮುಂದೆ ಮುಂದೆ ಮೂಲೆಮನೆಯ ತಾತ ದಾರಿ ಹುಡುಕಿದ್ದು, ಬೆರಳು ಮರಗಟ್ಟಿದ್ದರಿಂದ ತಂತಿಯ ಮೇಲಿನ ರಬ್ಬರನ್ನು ಹಲ್ಲಿನಿಂದಲೇ ಸುಲಿದದ್ದು.

“ಅದಕ್ಕೇ ನೋಡು, ಮುಂದಿನ ಹಲ್ಲೇ ಹೋಯ್ತು.”

“ಸುಳ್ಳು! ಹಲ್ಲು ಹೋಗಿದ್ದು ಸಿಹಿ ತಿಂದು ತಿಂದು,” ಎಂದರು ಅಜ್ಜಿ.

ಚೂಟಿ ಬಿದ್ದು ಬಿದ್ದು ನಕ್ಕಳು. ಆ ನಗುವಿನಲ್ಲೇ ಕೇಳಿದಳು, “ತಾತ ಅಲ್ಲಿ ತೆವಳ್ತಿದ್ದಾಗ ಇಲ್ಲಿ ನೀನೇನು ಮಾಡ್ತಿದ್ದೆ ಅಜ್ಜಿ?”

“ನಾನಾ? ಬಟ್ಟೆ ಒಗೀತಿದ್ದೆ.”

ಚೂಟಿಗೆ ಮತ್ತೆ ನಗು ಬಂತು. ಅಜ್ಜಿ ನಗಲಿಲ್ಲ.

“ನಿಜವಾಗ್ಲೂ ಕಣೇ. ನಿಮ್ಮಪ್ಪ ಆಗ ಕೈಕೂಸು. ಎದುರುಮನೆಗೆ ಟೆಲಿಗ್ರಾಂ ಬಂದಿತ್ತು, ಅವರ ಮಗ ಯುದ್ಧದಲ್ಲಿ ಹೋಗ್ಬಿಟ್ಟ ಅಂತ. ಆವತ್ತಿಂದ ಪೋಸ್ಟ್‌ಮ್ಯಾನ್ ಬೀದಿಗೆ ತಿರುಗಿದ ಅಂದ್ರೆ ನಾನು ಹಿತ್ತಲಿಗೆ ಓಡೋಳು. ಅವನ ಸೈಕಲ್ ಬೆಲ್ಲು ಕಿವಿಗೆ ಬೀಳಬಾರದು ಅಂತ ಬಟ್ಟೆ ತಗೊಂಡು ಕಲ್ಲಿಗೆ ಬಡೀತಿದ್ದೆ, ಜೋರಾಗಿ. ಕೊಳೆ ಬಟ್ಟೆ ಇಲ್ದಿದ್ರೆ ಒಗೆದಿದ್ದನ್ನೇ ಒಗೀತಿದ್ದೆ. ಇವರ ಶರ್ಟುಗಳನ್ನ.”

ತಾತ ಅಜ್ಜಿಯ ಮುಖವನ್ನೇ ನೋಡಿದರು. “ನಾನು ರಜೆಗೆ ಬಂದಾಗ ಶರ್ಟೆಲ್ಲ ಸವೆದು ಜರಡಿ ಆಗಿದ್ವು. ಸೋಪು ಸರಿಯಿಲ್ಲ ಅಂದಿದ್ದೆ ನೀನು.”

“ಅಂದಿದ್ದೆ.”

“ನಾನು ಹೋಗಿ ಅಂಗಡಿಯವನ ಜೊತೆ ಜಗಳ ಆಡಿ ಬಂದೆ!”

“ಗೊತ್ತು.” ಅಜ್ಜಿ ನಗುತ್ತಾ ಮುಂಗೈಯಿಂದ ಕಣ್ಣೊರೆಸಿಕೊಂಡರು.

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?” ತಾತ ಕೇಳಿದರು.

“ನೀವು ಅಷ್ಟು ದೊಡ್ಡ ದೊಡ್ಡ ಕತೆ ಹೊತ್ಕೊಂಡು ಬಂದಿದ್ರಿ. ಅದರ ಮುಂದೆ ಬಟ್ಟೆ ಒಗೆದದ್ದನ್ನ ಏನಂತ ಹೇಳೋದು? ಯಾರೂ ಕೇಳ್ಲೂ ಇಲ್ಲ.”

ಚೂಟಿಯ ಹತ್ತಿರ ಇನ್ನೂ ಪ್ರಶ್ನೆಗಳಿದ್ದವು. ಬಂದೂಕಿನದೊಂದು, ಪದಕದ್ದೊಂದು. ಯಾವುದನ್ನೂ ಕೇಳಬೇಕೆನಿಸಲಿಲ್ಲ.

ತಾತ ತಮ್ಮ ಕುರ್ಚಿಯನ್ನು ಅಜ್ಜಿಯ ಕಡೆಗೆ ತಿರುಗಿಸಿಕೊಂಡರು. “ಆಮೇಲೆ?” ಎಂದರು ಮೆಲ್ಲಗೆ. “ಇನ್ನೂ ಏನೇನಾಯ್ತು? ಹೇಳು.”

ಚೂಟಿ ಸದ್ದಾಗದಂತೆ ಮೊಬೈಲನ್ನು ಅಜ್ಜಿಯ ಹತ್ತಿರಕ್ಕೆ ಸರಿಸಿದಳು.